ನಾಯಕಿಗೊಬ್ಬ ಡ್ಯೂಕ್ ಸಿಕ್ಕರೆ ಸಾಕೇ?

ಸುರತ್ಕಲ್ಲಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ಗೆಳತಿಯೊಬ್ಬಳು ಇಂಗ್ಲಿಷ್ ಪ್ರಣಯ ಕಾದಂಬರಿ ಓದುತ್ತಾಳೆ. ಮುಗಿದ ಮೇಲೆ ನನಗೆ ದಾಟಿಸುತ್ತಾಳೆ. ಬಿಳಿಯ ಅಪ್ಪ, ಭಾರತೀಯ ಅಮ್ಮನ ಮಗಳು ನಾಯಕಿಯಾದ ಚಾರಿತ್ರಿಕ ಕಥೆಗಳು ಇದರಲ್ಲೇ ಒಂದು ಜಾತಿ. ಅಪ್ಪ ಕಂಪನಿ ಸರಕಾರದ ಕರ್ನಲ್ಲು, ಅಮ್ಮ ಯಾವುದೋ ಸಂಸ್ಥಾನದ ರಾಜಕುಮಾರಿ. ಮೊದಲ ಅಧ್ಯಾಯಕ್ಕೆ ಮುಂಚೆಯೇ ಅಮ್ಮ ತೀರಿಕೊಂಡಿರುತ್ತಾಳೆ, ಪಾಪ. ಮಗಳಿಗೆ ಉಳಿಯುವುದು ಗೋಧಿ ಬಣ್ಣ, ಒಂದು ಪಚ್ಚೆಯ ಸರ. ಲಂಡನ್ನಿನ ನಾಲ್ಕು ಔತಣಗಳಲ್ಲಿ ಅವಮಾನ, ಐದನೆಯದರಲ್ಲಿ ಡ್ಯೂಕ್. ಶುಭಂ!

"ಕಥೆ ಅಲ್ವಾ ಮಾರಾಯ್ತಿ, ಚಂದ ಇದ್ರೆ ಸಾಕು" ಅಂತಾಳೆ ಅವಳು. ನನಗೆ ಸಾಕಾಗುವುದಿಲ್ಲ. ಯಾಕೆಂದರೆ ಇಂಥ ಹುಡುಗಿ ನಿಜಕ್ಕೂ ಇದ್ದಳು, ಅದೂ ನಮ್ಮ ಕಡೆಯ ಸಂಬಂಧದವಳು.

1834ರಲ್ಲಿ ಬ್ರಿಟಿಷರು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. ಅಮರಸುಳ್ಯ ಸೀಮೆಯನ್ನು ಕೊಡಗಿನಿಂದ ಕಿತ್ತು ನಮ್ಮ ಕೆನರಾ ಜಿಲ್ಲೆಗೆ ಸೇರಿಸಿದ್ದೂ ಆಗಲೇ. ದೇಶಭ್ರಷ್ಟ ರಾಜ 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ತನ್ನ ಹಣ ವಾಪಸು ಕೊಡಿ ಅಂತ ಕಂಪನಿಯ ಮೇಲೆ ದಾವೆ ಹೂಡಿದ. ಹಣ ಕೈಗೆ ಬರಲಿಲ್ಲ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅದೇ 1852ರಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ರಾಣಿಯದೇ ಹೆಸರು. ಪಂಜಾಬಿನ ದುಲೀಪ್ ಸಿಂಗನಿಗೆ ಇವಳನ್ನು ಗಂಟುಹಾಕುವ ಆಸೆ ರಾಣಿಗಿತ್ತು. ಅವನು ಒಪ್ಪಲಿಲ್ಲ. ನೋಡಿ, ಪ್ರಣಯ ಕಾದಂಬರಿ ಬರೆಯಲು ಹೊರಟವಳು ಸ್ವತಃ ರಾಣಿ!

ಕೊನೆಗೆ 1860ರಲ್ಲಿ ಗೌರಮ್ಮನ ಮದುವೆ ಕರ್ನಲ್ ಜಾನ್ ಕ್ಯಾಂಬೆಲ್ ಜೊತೆ ಆಯಿತು. ಅವಳಿಗಿಂತ ತೀರಾ ಹಿರಿಯ, ಅವಳನ್ನು ನೋಡಿಕೊಳ್ಳುತ್ತಿದ್ದ ಲೇಡಿ ಲಾಗಿನ್ನಳ ಸಹೋದರ. 1861ರಲ್ಲಿ ಮಗಳು ಎಡಿತ್ ಹುಟ್ಟಿದಳು. 1864ರಲ್ಲಿ ಗೌರಮ್ಮ ಹೋಗಿಬಿಟ್ಟಳು, ಇನ್ನೂ 23 ತುಂಬಿರಲಿಲ್ಲ. ಆಮೇಲೆ ಕ್ಯಾಂಬೆಲ್ ಅವಳ ಒಡವೆಗಳ ಸಮೇತ ಕಾಣೆಯಾದ. ಕಾದಂಬರಿಗಳಲ್ಲಿ ನಾಯಕಿಯ ಕೊರಳಲ್ಲಿ ಹೊಳೆಯುವ ಪಚ್ಚೆಯ ಸರ ಉಂಟಲ್ಲ, ನಿಜದಲ್ಲಿ ಅದರ ಗತಿ ಹೀಗೆ.

ಪುಟ್ಟ ಎಡಿತ್ ಉಳಿದಳು. ನನ್ನ ನಾಯಕಿ ಅವಳು. ಅವಳ ತಾಯಿಯನ್ನು ಮೊದಲ ಪುಟದಲ್ಲೇ ಸಾಯಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ, ಆ ಸಾವಿನ ಹಿಂದೆ ಒಂದು ರಾಜ್ಯ, ಒಂದು ದಾವೆ, ಒಂದು ಪೆಟ್ಟಿಗೆ ಒಡವೆ ಇದೆ. ಹೈದರಾಬಾದಿನ ಕಿಟ್ಟಿ ಕರ್ಕ್‌ಪ್ಯಾಟ್ರಿಕ್‌ಳ ಕಥೆಯನ್ನು 2002ರಲ್ಲಿ ವಿಲಿಯಂ ಡಾಲ್ರಿಂಪಲ್ ಹೇಳಿದಾಗ ಓದುಗರು ಅವಳ ತಾಯಿ ಖೈರುನ್ನೀಸಾಳನ್ನೂ ಬೆರಗಿನಿಂದ ನೋಡಿದರು. ಮಕ್ಕಳನ್ನು 1805ರಲ್ಲಿ ಹಡಗು ಹತ್ತಿಸಿದ ಮೇಲೆ ಆ ತಾಯಿ ಅವರನ್ನು ಮತ್ತೆ ಕಾಣಲೇ ಇಲ್ಲ.

ಕನ್ನಡದವರೂ ಬೀಗುವುದು ಬೇಡ. ರಾಜನ ಮೇಲೆ ಮಾಸ್ತಿ 1956ರಲ್ಲೇ ದೊಡ್ಡ ಕಾದಂಬರಿ ಬರೆದರು, 1983ರ ಜ್ಞಾನಪೀಠವೂ ಬಂತು. ರಾಜನ ಮೊಮ್ಮಗಳ ಸರದಿ ಯಾವಾಗ? ಸುಳ್ಯದಲ್ಲೋ ಮಡಿಕೇರಿಯಲ್ಲೋ ಯಾರಾದರೂ ಬರೆಯುತ್ತಿದ್ದರೆ ತಿಳಿಸಿ. ಎರಡು ಪ್ರತಿಗೆ ಮುಂಗಡ ಕಟ್ಟುತ್ತೇನೆ, ಒಂದು ಬಸ್ಸಿನ ಗೆಳತಿಗೆ.