ತಗಡಿನ ಗೋಡೆ: ಬಣ್ಣಕ್ಕೆ ಮೊದಲು ನೋಡಬೇಕಾದದ್ದು

ಕಳೆದ ಸರ್ವಸದಸ್ಯರ ಸಭೆಯಲ್ಲಿ ಸಂಘದ ಹೊಸ ಗೋದಾಮಿನ ವಿಷಯ ಬಂದಾಗ, ಗೋಡೆಗೆ ಇಟ್ಟಿಗೆ ಬೇಡ, ನಾಲ್ಕೂ ಕಡೆ ಬಣ್ಣದ ತಗಡೇ ಆಗಲಿ ಎಂದು ಬಹುಮಂದಿ ಸದಸ್ಯರು ಕೈಯೆತ್ತಿದ್ದು ಎಲ್ಲರಿಗೂ ನೆನಪಿರಬಹುದು. ಗಾರೆ ಕೆಲಸಕ್ಕೆ ಆಳು ಸಿಗುವುದಿಲ್ಲ, ಮರಳಿನ ಬೆಲೆ ಕೇಳುವಂತಿಲ್ಲ, ತಗಡಾದರೆ ಮಳೆಗೆ ಮುಂಚೆ ಕಟ್ಟಡ ಮುಗಿದೀತು ಎಂಬ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಯಾವ ತಗಡು ಎಂಬ ಪ್ರಶ್ನೆ ಎದ್ದಾಗ ಅರ್ಧ ಗಂಟೆ ಚರ್ಚೆ ನಡೆದದ್ದು ನೀಲಿಯೋ ಹಸಿರೋ ಎಂಬುದರ ಮೇಲೆ ಮಾತ್ರ. ಹಸಿರಿಗೆ ಬಹುಮತ ಬಂತು. ಆ ತೀರ್ಮಾನವನ್ನು ಮುಂದಿನ ಸಭೆಯಲ್ಲಿ ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಸಾಲ ತೆಗೆದು ಕಟ್ಟುವ ಕಟ್ಟಡ. ಸಾಲ ತೀರುವ ಮೊದಲೇ ಗೋಡೆ ತೂತಾದರೆ ಉತ್ತರ ಹೇಳಬೇಕಾದವರು ನಾವೇ.

ಈ ನಡುವೆ ನಮ್ಮಲ್ಲಿ ಮೂವರಿಗೆ ಮದುವೆಯೊಂದರ ನಿಮಿತ್ತ ಬಂಗಾರಪೇಟೆಗೆ ಹೋಗಬೇಕಾಯಿತು. ಅಲ್ಲಿಯವರೆಗೆ ಹೋದವರು ಮರುದಿನ ಕೋಲಾರ ಚಿನ್ನದ ಗಣಿಗೂ ಹೋಗಿಬಂದೆವು. ಚಿನ್ನ ನೋಡಲಿಕ್ಕಲ್ಲ, ಚಿನ್ನ ಅಲ್ಲಿ 2001ರ ಫೆಬ್ರವರಿ 28ರಂದೇ ಮುಗಿದ ಕಥೆ. ನಾವು ಹೋದದ್ದು ತಗಡು ನೋಡಲಿಕ್ಕೆ. ನಮ್ಮ ರಾಜ್ಯದಲ್ಲಿ ಅಷ್ಟು ಕಾಲದಿಂದ ಅಷ್ಟು ತಗಡಿನ ನಡುವೆ ಬದುಕಿದ ಇನ್ನೊಂದು ಊರು ನಮಗಂತೂ ಗೊತ್ತಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡಿತು. 1894ರಲ್ಲಿ ಬಂಗಾರಪೇಟೆಯಿಂದ, ಅಂದಿನ ಬೌರಿಂಗ್‌ಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ, ಕಲ್ಲು ಅರೆಯುವ ಗಿರಣಿ, ಯಂತ್ರದ ಮನೆ, ಕಾರ್ಮಿಕರ ಸಾಲುಮನೆ, ಇವುಗಳಲ್ಲಿ ಎಲ್ಲಿ ನೋಡಿದರೂ ಸುಕ್ಕುಸುಕ್ಕಾದ ತಗಡು. ಲಂಡನ್ನಿನ ಹೆನ್ರಿ ಪಾಮರ್ 1829ರಲ್ಲಿ ಈ ಸುಕ್ಕು ತಗಡಿಗೆ ಪೇಟೆಂಟ್ ಪಡೆದ; 1837ರಲ್ಲಿ ಫ್ರಾನ್ಸಿನ ಸೋರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಈ ಎರಡು ಸೇರಿದ ಮೇಲೆ, ಹಡಗು ಹೋದಲ್ಲೆಲ್ಲ ತಗಡು ಹೋಯಿತು.

ಚಾಂಪಿಯನ್ ರೀಫ್ಸ್ ಕಡೆ ರಸ್ತೆಯ ಬದಿಯಲ್ಲಿ ನಿಂತು ಒಂದು ಹಳೆಯ ಶೆಡ್ಡಿನ ಗೋಡೆಯನ್ನು ನಾವು ಬೆರಳಿನಿಂದ ತಟ್ಟಿ ನೋಡುತ್ತಿದ್ದಾಗ, ನಿವೃತ್ತ ಗಣಿ ಕಾರ್ಮಿಕರೊಬ್ಬರು ಸೈಕಲ್ ನಿಲ್ಲಿಸಿ, “ಏನ್ ಸಾರ್, ಜಾಗ ತಗೋತೀರಾ?” ಎಂದು ವಿಚಾರಿಸಿದರು. ತಗಡು ನೋಡಲು ಮಲೆನಾಡಿನಿಂದ ಬಂದಿದ್ದೇವೆ ಎಂದಾಗ ಅವರು ನಕ್ಕ ನಗುವನ್ನು ಇಲ್ಲಿ ಬರೆಯಲಾರೆವು. ಆದರೂ ಒಳ್ಳೆಯ ಮಾತು ಹೇಳಿದರು. “ಮೇಲ್ಗಡೆ ತಗಡು ನಮ್ಮಪ್ಪನ ಕಾಲದ್ದು ಸಾರ್, ಏನೂ ಆಗಿಲ್ಲ. ಕೆಳಗಡೆ ಒಂದಡಿ ನಾನೇ ಮೂರು ಸಲ ಬದಲಾಯಿಸಿದೀನಿ. ನೆಲಕ್ಕೆ ತಾಗಿದ್ರೆ ಉಳಿಯಲ್ಲ. ಈಗ ಡಾಂಬರು ಹಚ್ಚಿ ಇಟ್ಟಿದೀನಿ.”

ಅವರು ಹೇಳಿದ್ದು ಕಣ್ಣಿಗೆ ಕಾಣುತ್ತಿತ್ತು. ಗೋಡೆಯ ಮೇಲ್ಭಾಗ ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಬುಡದಲ್ಲಿ, ಎರಡು ತಗಡು ಒಂದರ ಮೇಲೊಂದು ಕೂರುವ ಸಂದಿಯಲ್ಲಿ, ಮೊಳೆ ಹೊಡೆದ ಕಡೆಗಳಲ್ಲಿ ತುಕ್ಕು ತಿಂದು ಜರಡಿಯಾಗಿತ್ತು. ಊರಿನ ಮಗ್ಗುಲಲ್ಲೇ ಗುಡ್ಡಗಳಂತೆ ಬಿದ್ದಿರುವ ಸಯನೈಡ್ ದಿಬ್ಬಗಳಿಂದ ಬೇಸಿಗೆಯ ಗಾಳಿಗೆ ನುಣ್ಣನೆಯ ಧೂಳು ಏಳುತ್ತದೆ. ಧೂಳು ಸಂದಿಯಲ್ಲಿ ಕೂತರೆ ತೇವ ಹಿಡಿದಿಡುತ್ತದೆ. ಮಳೆ ನಿಂತು ಸುತ್ತೆಲ್ಲ ಒಣಗಿದರೂ ಆ ಸಂದಿ ಒಣಗುವುದಿಲ್ಲ. ಗೋಡೆ ಸಾಯುವುದು ಅಂಥ ಕಡೆಗಳಲ್ಲಿ.

ಅಷ್ಟಾದರೂ ಅಲ್ಲಿಯ ತಗಡು ಇಷ್ಟು ಕಾಲ ನಿಂತದ್ದು ಹೇಗೆ? ಹಳೆಯ ಮಾಲು ದಪ್ಪ ಎಂಬುದು ಒಂದು ಕಾರಣ. ಕೋಲಾರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರು ಎಂಬುದು ಅದಕ್ಕಿಂತ ದೊಡ್ಡ ಕಾರಣ. ನಮ್ಮ ಕೊಪ್ಪ, ಶೃಂಗೇರಿ ಕಡೆ ಅದು ಮೂರು ಸಾವಿರದ ಆಚೀಚೆ. ಅಲ್ಲಿ ಮಳೆ ಬಂದು ಹೋಗುತ್ತದೆ, ನಮ್ಮಲ್ಲಿ ಬಂದು ಕೂರುತ್ತದೆ. ಆದ್ದರಿಂದ “ಬಯಲುಸೀಮೆಯಲ್ಲಿ ಎಷ್ಟೋ ವರ್ಷದಿಂದ ನಿಂತಿದೆ ಸ್ವಾಮಿ” ಎಂದು ಅಂಗಡಿಯವರು ಹೇಳಿದರೆ ಅದನ್ನು ಅರ್ಧ ಮಾತ್ರ ನಂಬಬೇಕು.

ಇನ್ನು ಸತುವಿನ ವಿಷಯ. ಇದನ್ನು ನಮ್ಮ ಸದಸ್ಯರು ಬೇರೆಲ್ಲದಕ್ಕಿಂತ ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಗಣಿಯ ಕಲ್ಲನ್ನು ಅರೆದು ಸಯನೈಡ್ ನೀರಿನಲ್ಲಿ ನೆನೆಸಿದರೆ ಚಿನ್ನ ಆ ನೀರಿನಲ್ಲಿ ಕರಗುತ್ತದೆ. ಕರಗಿದ ಚಿನ್ನವನ್ನು ಮತ್ತೆ ಹೊರಗೆ ತೆಗೆಯಲು ಆ ಕಾಲದಲ್ಲಿ ನೀರನ್ನು ಸತುವಿನ ಸಿಪ್ಪೆಯ ಮೇಲೆ ಹರಿಸುತ್ತಿದ್ದರು. ಸತು ಕರಗಿ ನೀರಿಗೆ ಹೋಗುತ್ತದೆ, ಚಿನ್ನ ಹೊರಬಂದು ನಿಲ್ಲುತ್ತದೆ. ತನಗಿಂತ ಮೇಲಿನ ಲೋಹ ಎದುರಾದರೆ ತಾನು ಕರಗುವುದು ಸತುವಿನ ಗುಣ. ತಗಡಿನ ಮೇಲೆ ಸತು ಬಳಿಯುವುದೂ ಈ ಗುಣಕ್ಕಾಗಿಯೇ: ಗೀರು ಬಿದ್ದ ಕಡೆ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಈಗ ನಮ್ಮ ಮೈಲುತುತ್ತದ ಚೀಲವನ್ನು ನೆನೆಸಿಕೊಳ್ಳಿ. ಮೈಲುತುತ್ತವೆಂದರೆ ತಾಮ್ರದ ಉಪ್ಪು. ಅದರ ನೀರು ಸತುವಿನ ತಗಡಿಗೆ ತಾಗಿದರೆ, ಗಣಿಯ ತೊಟ್ಟಿಯಲ್ಲಿ ಚಿನ್ನಕ್ಕಾಗಿ ಆದದ್ದೇ ಇಲ್ಲಿ ತಾಮ್ರಕ್ಕಾಗಿ ಆಗುತ್ತದೆ. ಸತು ಕರಗಿ ಹೋಗುತ್ತದೆ, ತಾಮ್ರ ಕಪ್ಪು ಕಲೆಯಾಗಿ ತಗಡಿನ ಮೇಲೆ ಕೂರುತ್ತದೆ. ಕೂತ ತಾಮ್ರ ಅಷ್ಟಕ್ಕೆ ಸುಮ್ಮನಿರುವುದಿಲ್ಲ. ತೇವ ಬಂದಾಗಲೆಲ್ಲ ಸುತ್ತಲಿನ ಸತುವನ್ನೂ ಆಮೇಲೆ ಕಬ್ಬಿಣವನ್ನೂ ತಿನ್ನಿಸುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ಮಾಡುವವರು ನಾವು. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಡ್ರಮ್ಮು ಎಲ್ಲಿರುತ್ತದೆ? ಶೆಡ್ಡಿನ ಗೋಡೆಗೆ ಒರಗಿ. ಪೈಪು ತೊಳೆದ ನೀರು ಎಲ್ಲಿಗೆ? ಅದೇ ಗೋಡೆಯ ಬುಡಕ್ಕೆ.

ನಮ್ಮ ಸಂಘದ ಹಳೆಯ ಗೊಬ್ಬರದ ಶೆಡ್ಡಿಗೆ ಆದದ್ದು ಇದೇ. ಉತ್ತರದ ಗೋಡೆ ಆರನೆಯ ಮಳೆಗಾಲಕ್ಕೆ ತೂತಾಯಿತು. ಉಳಿದ ಮೂರು ಗೋಡೆಗಳು ಇನ್ನೂ ನಿಂತಿವೆ. ತಗಡು ಮಾರಿದವರ ಮೇಲೆ ನಾವು ಆಗ ಬಹಳ ಕೂಗಾಡಿದೆವು. ಕೊಟ್ಟ ಮಾಲು ಹೇಳಿದ ದಪ್ಪಕ್ಕಿಂತ ತೆಳು ಎಂಬುದು ಆಮೇಲೆ ತಿಳಿದದ್ದೂ ನಿಜ. ಆದರೆ ಉತ್ತರದ ಗೋಡೆಗೇ ಏಕೆ ಹಾಗಾಯಿತು ಎಂದು ಆ ದಿನ ಯಾರೂ ಕೇಳಲಿಲ್ಲ. ಆ ಗೋಡೆಯ ಒಳಗಡೆ ಪೊಟ್ಯಾಷ್ ಚೀಲ, ಹೊರಗಡೆ ಮೈಲುತುತ್ತದ ಡ್ರಮ್ಮು. ಪೊಟ್ಯಾಷ್ ಎಂದರೆ ಅಡುಗೆ ಉಪ್ಪಿನ ಜಾತಿಯದೇ. ತೇವ ಎಳೆದುಕೊಂಡು ನೀರು ಬಿಡುತ್ತದೆ, ತುಕ್ಕಿಗೆ ಅದಕ್ಕಿಂತ ಬೇರೆ ಆಹ್ವಾನ ಬೇಡ. ತಪ್ಪಿನಲ್ಲಿ ಅರ್ಧ ಪಾಲು ನಮ್ಮದು ಎಂದು ಈಗ ಒಪ್ಪಿಕೊಳ್ಳುತ್ತೇವೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಬಣ್ಣವನ್ನು ಕೊನೆಗೆ ನೋಡಿ. ಮೊದಲು ಲೇಪದ ತೂಕ ಕೇಳಿ. ಸತುವಿನ ತಗಡಿಗೆ ಐ.ಎಸ್. 277 ಎಂಬ ಮಾನಕವಿದೆ. ಅದರಲ್ಲಿ ಒಂದು ಚದರ ಮೀಟರಿಗೆ ಎರಡೂ ಮಗ್ಗುಲು ಸೇರಿ ಇಷ್ಟು ಗ್ರಾಂ ಸತು ಎಂದು ದರ್ಜೆಗಳಿವೆ. 120 ಗ್ರಾಂ ಎಂದರೆ ಒಂದು ಮಗ್ಗುಲಿಗೆ ಸುಮಾರು 8 ಮೈಕ್ರಾನ್, 275 ಗ್ರಾಂ ಎಂದರೆ ಸುಮಾರು 19. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸತು ಮಳೆಗೆ ವರ್ಷ ವರ್ಷವೂ ಸವೆಯುತ್ತದೆ. ಎರಡರಷ್ಟು ಸತು ಇದ್ದರೆ ಹೆಚ್ಚುಕಡಿಮೆ ಎರಡರಷ್ಟು ಬಾಳಿಕೆ. ಮೇಲಿನ ಹಸಿರು ಬಣ್ಣದ ಕೆಳಗೆ 120 ಇದೆಯೋ 275 ಇದೆಯೋ ಕಣ್ಣಿಗೆ ಕಾಣದು. ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ. ಕೊಡಲು ತಡವರಿಸುವವರ ಹತ್ತಿರ ವ್ಯಾಪಾರ ಬೇಡ.

ಅಲ್ಯೂಮಿನಿಯಂ ಮತ್ತು ಸತು ಬೆರೆಸಿದ ಲೇಪವೂ ಈಗ ಎಲ್ಲ ಕಡೆ ಸಿಗುತ್ತದೆ. ತೂಕದಲ್ಲಿ 55 ಪಾಲು ಅಲ್ಯೂಮಿನಿಯಂ, ಉಳಿದದ್ದು ಬಹುತೇಕ ಸತು. ಇದು 1972ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಮಾಲು. ಮಳೆಗೆ ಇದು ಬರಿಯ ಸತುವಿಗಿಂತ ಬಹಳ ಹೆಚ್ಚು ತಡೆಯುತ್ತದೆ. ಗೋದಾಮಿನ ಹೊರಗೋಡೆಗೆ 150 ಗ್ರಾಂ ಲೇಪದ ಈ ತಗಡೇ ಸರಿಯೆಂದು ನಮ್ಮ ಮತ. ಆದರೆ ಇದಕ್ಕೆ ಸುಣ್ಣ ಆಗದು, ಹಸಿ ಸಿಮೆಂಟು ಆಗದು, ಕೊಟ್ಟಿಗೆಯ ಗಂಜಳದ ಹಬೆಯಂತೂ ಆಗಲೇ ಆಗದು. ದನದ ಕೊಟ್ಟಿಗೆಗೆ ಬಳಸಿದರೆ ತಯಾರಕರು ಸಾಮಾನ್ಯವಾಗಿ ಗ್ಯಾರಂಟಿಯನ್ನೇ ಕೊಡುವುದಿಲ್ಲ. ಅಡಿಕೆ ಬೇಯಿಸುವ ಮನೆಗೂ ನಾವು ತಗಡಿನ ಗೋಡೆ ಹೇಳುವುದಿಲ್ಲ. ಹಂಡೆಯ ಆವಿ, ಚೊಗರಿನ ಹನಿ ದಿನವಿಡೀ ತಾಗುವ ಜಾಗ ಅದು. ಅಲ್ಲಿ ಕಲ್ಲು ಅಥವಾ ಇಟ್ಟಿಗೆಯೇ ಇರಲಿ.

ದಪ್ಪದ ವಿಷಯದಲ್ಲಿ ಮೋಸ ಕಂಡುಹಿಡಿಯಲು ಅಡಿಕೆ ತೂಗುವ ನಮ್ಮ ತಕ್ಕಡಿಯೇ ಸಾಕು. ಉಕ್ಕಿನ ತೂಕ ಎಲ್ಲ ಕಡೆಯೂ ಒಂದೇ. ಸುಕ್ಕು ಹಿಡಿಸುವ ಮುಂಚೆ 1220 ಮಿಲಿಮೀಟರು ಅಗಲವಿದ್ದ ಸುರುಳಿಯಿಂದ ಮಾಡಿದ ಹತ್ತಡಿ ಉದ್ದದ ತಗಡು, 0.50 ಮಿಲಿಮೀಟರು ದಪ್ಪದ್ದಾದರೆ ಹೆಚ್ಚುಕಡಿಮೆ 14.5 ಕಿಲೋ ತೂಗಬೇಕು. 11.5ರ ಹತ್ತಿರ ನಿಂತರೆ ಅದು 0.40ರ ಮಾಲು. ಲಾರಿಯಿಂದ ಇಳಿಸುವಾಗ ಹತ್ತು ತಗಡು ಒಟ್ಟಿಗೆ ತೂಗಿ ನೋಡಿದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಕೂರಿಸುವ ಕೆಲಸದಲ್ಲಿ ಕೆಡುವುದೇ ಹೆಚ್ಚು. ಬುಡದಲ್ಲಿ ಮೂರಡಿ ಕಲ್ಲಿನ ಗೋಡೆ ಇರಲಿ, ತಗಡು ಅದರ ಮೇಲಿಂದ ಶುರುವಾಗಿ ನೀರು ಹೊರಕ್ಕೆ ತೊಟ್ಟಿಕ್ಕುವಂತೆ ಇರಲಿ. ತಗಡನ್ನು ಕತ್ತರಿಸಲು ಹುಡುಗರು ಗ್ರೈಂಡರ್ ತೆಗೆಯುತ್ತಾರೆ. ಅದರ ಕಿಡಿಗಳು ಸುತ್ತಲಿನ ಬಣ್ಣದಲ್ಲಿ ಹೂತು, ಮೊದಲ ಮಳೆಗೇ ಕೆಂಪು ಚುಕ್ಕಿಗಳಾಗುತ್ತವೆ. ಕತ್ತರಿಯಿಂದಲೇ ಕತ್ತರಿಸಲು ಹೇಳಬೇಕು. ಸ್ಕ್ರೂಗಳ ಕೆಳಗೆ ರಬ್ಬರಿನ ವಾಷರು ಬೇಕೇ ಬೇಕು. ತಗಡಿನ ಮೇಲೆ ತಗಡು ಕೂರುವ ಅಂಚು ಮುಂಗಾರಿನ ಗಾಳಿಗೆ ಬೆನ್ನು ಮಾಡಿರಬೇಕು. ಅಂದರೆ ನಮ್ಮಲ್ಲಿ ಪೂರ್ವದ ತುದಿಯಿಂದ ಕೂರಿಸುತ್ತಾ ಪಶ್ಚಿಮಕ್ಕೆ ಬರಬೇಕು. ಹಳೆಯ ಹಂಚಿನ ಕೆಲಸದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಈಗಿನವರಿಗೆ ಹೇಳಬೇಕು.

ಇಷ್ಟೆಲ್ಲ ಸರಿಯಾದರೂ ಒಂದು ತೊಂದರೆ ಉಳಿಯುತ್ತದೆ. ತಗಡು ರಾತ್ರಿ ಬೇಗ ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ಅದಕ್ಕೆ ತಾಗಿ ಬೆವರುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10, ರೋಬಸ್ಟಾ ಚೆರಿಯನ್ನು ಶೇಕಡಾ 11 ತೇವಾಂಶಕ್ಕೆ ಒಣಗಿಸಿ ತಂದು, ಬೆವರುವ ಗೋಡೆಗೆ ಚೀಲ ಒರಗಿಸಿದರೆ ಕಣದಲ್ಲಿ ಪಟ್ಟ ಪಾಡೆಲ್ಲ ನೀರಿಗೆ ಹೋದಂತೆ. ಅಡಿಕೆಗೆ ಬೂಷ್ಟು ಹಿಡಿದರೆ ಮಂಡಿಯಲ್ಲಿ ಏನಾಗುತ್ತದೆಂದು ಬರೆಯುವುದೇ ಬೇಡ. ಆದ್ದರಿಂದ ಕಾಫಿ, ಅಡಿಕೆ ಇಡುವ ಭಾಗಕ್ಕೆ ಒಳಗಡೆ ಇಟ್ಟಿಗೆ ಗೋಡೆ, ಹೊರಗಡೆ ಮಳೆಯ ಹೊಡೆತಕ್ಕೆ ತಗಡು, ನಡುವೆ ಗಾಳಿಯಾಡಲು ಸಂದಿ: ಹೀಗೆ ಮಾಡಿದರೆ ಖರ್ಚು ಹೆಚ್ಚಾದರೂ ಮಾಲು ಉಳಿಯುತ್ತದೆ.

ಬಂಗಾರಪೇಟೆಯಲ್ಲಿ ಸಂಜೆ, ಆ ಊರಿನ ಹೆಸರಾದ ತಿಳಿನೀರಿನ ಪಾನಿಪುರಿ ತಿನ್ನುತ್ತಾ (ನಮ್ಮಲ್ಲಿ ಒಬ್ಬರು ಮೂರು ತಟ್ಟೆ) ಬಜಾರಿನ ಅಂಗಡಿಗಳ ಮುಖ ನೋಡಿದೆವು. ಹಳೆಯ ಕಟ್ಟಡಗಳಿಗೆ ಹೊಳೆಯುವ ಎಸಿಪಿ ಹಲಗೆ ಹೊದಿಸುವುದು ಅಲ್ಲಿಯೂ ಬಂದಿದೆ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. ಕಚೇರಿಯ ಮುಂಭಾಗಕ್ಕೆ ಇದನ್ನೇ ಹಾಕಿಸೋಣವೆಂದು ಕೆಲವರ ಆಸೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ, ಹೊರಗೆ ಹೊದಿಸಿದ್ದ ಇಂಥ ಪ್ಲಾಸ್ಟಿಕ್ ತಿರುಳಿನ ಹಲಗೆಯ ಮೂಲಕವೇ ಬೆಂಕಿ ಮೇಲಕ್ಕೇರಿ 72 ಮಂದಿ ಸತ್ತರು. ನಮ್ಮ ಕಚೇರಿಯ ಮಗ್ಗುಲಲ್ಲೇ ಸೌದೆ ಉರಿಸುವ ಡ್ರೈಯರ್ ಇದೆ. ಇದಕ್ಕೆ ನಮ್ಮ ವಿರೋಧವಿದೆ.

ಹಸಿರು ಬಣ್ಣಕ್ಕೆ ಮತ ಹಾಕಿದವರು ಬೇಸರ ಪಟ್ಟುಕೊಳ್ಳಬೇಕಾಗಿಲ್ಲ. ಮೇಲೆ ಹೇಳಿದ್ದೆಲ್ಲ ಹಸಿರಿನಲ್ಲೂ ಸಿಗುತ್ತದೆ. ಹೋದ ಮಳೆಗಾಲದ ಆರಂಭದಲ್ಲಿ ನಾವು ನಾಲ್ಕು ಬಗೆಯ ತಗಡಿನ ಮೊಳದುದ್ದದ ತುಂಡುಗಳನ್ನು ಪಲ್ಪರ್ ಮನೆಯ ಹಿಂದೆ ತಂತಿಗೆ ಕಟ್ಟಿದ್ದೆವು. ಒಂದೊಂದರ ಅರ್ಧಕ್ಕೆ ವಾರಕ್ಕೊಮ್ಮೆ ಮೈಲುತುತ್ತದ ನೀರು ಚಿಮುಕಿಸಿದ್ದೇವೆ. ತುಂಡುಗಳನ್ನು ಈಗ ಬಿಚ್ಚಿ ಕಚೇರಿಯ ಜಗಲಿಯಲ್ಲಿ ಇಟ್ಟಿದೆ, ಹಿಂದೆ ಲೇಪದ ತೂಕ ಬರೆದಿದೆ. ಅಡಿಕೆ ತೂಗಿಸಲು ಬಂದವರು ನೋಡಿಕೊಂಡು ಹೋಗಬಹುದು.