ಸಭಾಕಾರ್ಯದಲ್ಲಿ ತರುಣರ ಮಾತು



ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆಯುಂಟು. ಹನ್ನೆರಡು ವರ್ಷದ ಆ ಬಾಲಕನು ಜನಕರಾಜನ ಯಜ್ಞಶಾಲೆಯ ಬಾಗಿಲಿಗೆ ಬಂದಾಗ, ಒಳಗೆ ವೃದ್ಧಪಂಡಿತರಿಗಷ್ಟೇ ಪ್ರವೇಶವೆಂದು ದ್ವಾರಪಾಲಕನು ತಡೆದನು. ತಲೆ ನರೆತ ಮಾತ್ರಕ್ಕೆ ಯಾವನೂ ಹಿರಿಯನಾಗನೆಂದು ಬಾಲಕನು ವಾದಿಸಿ ಒಳಹೊಕ್ಕನು. ಬಂದಿಯೆಂಬ ವಾದಿಯನ್ನು ಗೆದ್ದನು. ಹಿಂದೆ ಆ ಬಂದಿಗೆ ಸೋತು ನೀರಿನಲ್ಲಿ ಮುಳುಗಿಸಲ್ಪಟ್ಟಿದ್ದ ತನ್ನ ತಂದೆಯನ್ನು ಮರಳಿ ಪಡೆದನು. ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆಗಳನ್ನು ಕೇಳುತ್ತಿದ್ದಾಗ ಯೇಸುವಿಗೂ ಹನ್ನೆರಡೇ ವರ್ಷವೆಂದು ಲೂಕನು ಬರೆದಿರುವನು. ಒಂದು ಕಥೆಯನ್ನು ಪಾಠಶಾಲೆಯಲ್ಲಿಯೂ ಇನ್ನೊಂದನ್ನು ಭಾನುವಾರದ ಶಾಲೆಯಲ್ಲಿಯೂ ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದೆನು. ಆ ದ್ವಾರಪಾಲಕನ ಕೋಲು ನನ್ನ ಕೈಗೇ ಬಂದುದು ಮಾತ್ರ ನನಗೆ ತಿಳಿಯಲಿಲ್ಲ.

ನಡೆದುದು ಇಷ್ಟೆ. ನಾನಿರುವ ಸಿಂಗಾಪುರವು ಬೆಂಗಳೂರಿನ ಉತ್ತರದಲ್ಲಿ, ಜಾಲಹಳ್ಳಿಗೂ ಯಲಹಂಕಕ್ಕೂ ನಡುವೆ ಇರುವ ಊರು. ಜಾಲಹಳ್ಳಿಯ ಕಡೆ ೧೯೫೩ರಲ್ಲಿ ಎಚ್. ಎಂ. ಟಿ., ೧೯೫೪ರಲ್ಲಿ ಬಿ. ಇ. ಎಲ್. ಕಾರ್ಖಾನೆಗಳು ಸ್ಥಾಪಿತವಾದ ಮೇಲೆ ಈ ಕಡೆಗೆ ಉದ್ಯೋಗಕ್ಕಾಗಿ ಬಂದು ನೆಲೆಸಿದ ಕುಟುಂಬಗಳು ಬಹಳ. ನಾನು ಸೇರಿದ ಕ್ರೈಸ್ತ ಸಭೆಯಲ್ಲಿಯೂ ಅಂಥವರ ಮಕ್ಕಳು ಮೊಮ್ಮಕ್ಕಳೇ ಹೆಚ್ಚು. ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕನ್ನಡವಾಡುವರು, ಓದುವಾಗ ತಡವರಿಸುವರು. ಎರಡು ವರ್ಷಗಳ ಹಿಂದೆ ಯುವಜನ ಸಂಘದವರು ಆಡಳಿತ ಸಮಿತಿಗೆ ಒಂದು ಮನವಿ ಕೊಟ್ಟರು. ತಿಂಗಳಿಗೊಂದು ಆರಾಧನೆ ಇಂಗ್ಲಿಷಿನಲ್ಲಿ ನಡೆಯಲಿ ಎಂಬುದು ಅದರ ಮೊದಲನೆಯ ಸಾಲು. ಕನ್ನಡದ ಮೇಷ್ಟ್ರಾದ ನನಗೆ ಅಷ್ಟು ಸಾಕಾಯಿತು. ಸಮಿತಿಯಲ್ಲಿ ನಾವು ಹನ್ನೊಂದು ಜನ. ಐವತ್ತು ದಾಟದವನು ಒಬ್ಬನೂ ಇರಲಿಲ್ಲ. ಹತ್ತು ನಿಮಿಷದಲ್ಲಿ ತಿರಸ್ಕಾರದ ನಿರ್ಣಯವಾಯಿತು. ನಡವಳಿ ಪುಸ್ತಕದಲ್ಲಿ ಅದನ್ನು ಬರೆದ ಅಕ್ಷರ ನನ್ನದೇ.

ಕ್ರಮೇಣ ಹಿಂದಿನ ಬೆಂಚುಗಳು ಬರಿದಾದವು. ಹುಡುಗರು ಬಾಡಿಗೆಯ ಸಭಾಂಗಣಗಳಲ್ಲಿ ನಡೆಯುವ ಇಂಗ್ಲಿಷ್ ಪ್ರಾರ್ಥನಾಕೂಟಗಳಿಗೆ ಹೋಗತೊಡಗಿದರು. ಕಳೆದ ಸುಗ್ಗಿ ಹಬ್ಬದ ದಿನ ಆ ಮನವಿಗೆ ಸಹಿ ಹಾಕಿದ್ದ ಹೆಣ್ಣುಮಗಳೊಬ್ಬಳು, ನನ್ನ ಹಳೆಯ ಶಿಷ್ಯೆ, ಎದುರಾದಳು. “ಯಾಕಮ್ಮ, ದೇವಾಲಯದ ಕಡೆ ಕಾಣುವುದೇ ಇಲ್ಲ?” ಎಂದೆನು. “ಬೇಡ ಅಂದದ್ದಕ್ಕೆ ಬೇಸರವಿಲ್ಲ, ಮೇಷ್ಟ್ರೇ. ಒಂದು ಸಲ ಕರೆದು ಕೇಳಲಿಲ್ಲವಲ್ಲ. ನಾಲ್ಕನೆಯ ಅಂಶವನ್ನಾದರೂ ಓದಿದಿರಾ?” ಎಂದಳು. ಮನೆಗೆ ಬಂದು ಕಡತ ತೆಗೆದೆನು. ಆರಾಧನೆಗೆ ಅರ್ಧ ಗಂಟೆ ಮುಂಚೆ ತಮಗೆ ಕನ್ನಡ ಓದುವುದನ್ನು ಕಲಿಸಬೇಕು, ಕೀರ್ತನೆಗಳ ಅರ್ಥ ಹೇಳಬೇಕು ಎಂಬುದು ನಾಲ್ಕನೆಯ ಅಂಶ. ಕಲಿಸಬೇಕಾದವರೆಂದು ನನ್ನ ಹೆಸರನ್ನೇ ಬರೆದಿದ್ದರು. ವಾಚಕರೇ, ಆ ರಾತ್ರಿ ನನಗೆ ಊಟ ರುಚಿಸಲಿಲ್ಲ.

ತರುಣರಿಗೆ ಅನುಭವವಿಲ್ಲವೆಂಬ ಮಾತನ್ನು ನಾವು ಹಿರಿಯರು ಸುಲಭವಾಗಿ ಆಡುವೆವು. ಕನ್ನಡ ಕ್ರೈಸ್ತರ ಚರಿತ್ರೆಯಾದರೋ ಇದಕ್ಕೆ ಅಷ್ಟಾಗಿ ಸಾಕ್ಷಿ ಹೇಳದು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಬಾಸೆಲ್ ಮಿಶನ್ನಿನ ಮೋಗ್ಲಿಂಗನಿಗೆ ಮೂವತ್ತೆರಡು ವರ್ಷ. ಕಿಟ್ಟೆಲನು ೧೮೫೩ರಲ್ಲಿ ಈ ದೇಶಕ್ಕೆ ಬಂದಾಗ ಇಪ್ಪತ್ತೊಂದರ ಹುಡುಗ. ಅವನ ನಿಘಂಟು ಅಚ್ಚಾದುದು ೧೮೯೪ರಲ್ಲಿ, ಅರುವತ್ತೆರಡರಲ್ಲಿ. (ಆ ನಿಘಂಟಿನಲ್ಲಿ ಒಂದು ಶಬ್ದವನ್ನು ಹುಡುಕಲು ಹೋಗಿ ಹತ್ತು ಶಬ್ದ ಓದಿ ಬರುವ ಚಾಳಿ ನನಗೆ ಇಂದಿಗೂ ಇದೆ.) ತಿರುನೆಲ್ವೇಲಿಯ ವೇದನಾಯಕಂ ಸಾಮುವೇಲ್ ಅಜರಯ್ಯನು ೧೯೦೩ರಲ್ಲಿ ಅಲ್ಲಿಯ ಭಾರತೀಯ ಮಿಶನರಿ ಸಂಘವನ್ನು ಕಟ್ಟುವುದರಲ್ಲಿ ಮುಂದಾಳಾದಾಗ ಮೂವತ್ತು ತುಂಬಿರಲಿಲ್ಲ. ಅದೇ ಅಜರಯ್ಯನು ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳ ಕೂಟದಲ್ಲಿ ಸಭೆಗಳ ಐಕ್ಯಕ್ಕೆ ಕರೆಕೊಟ್ಟವರಲ್ಲಿ ಪ್ರಮುಖನು. ಇಪ್ಪತ್ತೆಂಟು ವರ್ಷ ಮಾತುಕತೆ ನಡೆದು, ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿತು. ಅದನ್ನು ಕಾಣಲು ಅವನು ಉಳಿದಿರಲಿಲ್ಲ, ೧೯೪೫ರಲ್ಲಿ ತೀರಿಕೊಂಡಿದ್ದನು.

ಆ ಸಭೆಯಲ್ಲಿಯೇ ೨೦೨೨ರಲ್ಲಿ ಬಿಷಪ್ಪರ ನಿವೃತ್ತಿಯ ವಯಸ್ಸನ್ನು ೬೭ರಿಂದ ೭೦ಕ್ಕೆ ಏರಿಸುವ ತಿದ್ದುಪಡಿಯು ಹೊರಟು, ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲೇರಿತು. ಅದರ ನ್ಯಾಯಾನ್ಯಾಯವು ನನ್ನ ಪ್ರಕೃತ ವಿಷಯವಲ್ಲ. ಆದರೆ ಕುರ್ಚಿಯ ಕಾಲಾವಧಿಯ ವಿಚಾರದಲ್ಲಿ ನಮಗೆ ಬರುವ ಉತ್ಸಾಹವು ಯುವಜನರ ಮನವಿಯ ಕಾಲಕ್ಕೆ ಎಲ್ಲಿ ಅಡಗುವುದೋ!

ರೋಮನ್ ಕಥೋಲಿಕರಲ್ಲಿ ವ್ಯವಸ್ಥೆಯೇ ಬೇರೆ. ೧೯೮೩ರ ಧರ್ಮಸಂಹಿತೆಯಂತೆ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸಿನ ಮಂಡಳಿ ಇರಲೇಬೇಕು. ಪಾಲನಾ ಮಂಡಳಿಯು ಬಿಷಪ್ಪರು ಯುಕ್ತವೆಂದು ಕಂಡಲ್ಲಿ ಮಾತ್ರ, ಅದಕ್ಕೂ ಸಲಹೆ ಕೊಡುವ ಅಧಿಕಾರವಷ್ಟೆ. ೨೦೧೮ರ ಅಕ್ಟೋಬರಿನಲ್ಲಿ ತರುಣರ ವಿಷಯವಾಗಿಯೇ ರೋಮಿನಲ್ಲಿ ಬಿಷಪ್ಪರ ಸಿನೊಡ್ ನಡೆದಾಗ ತರುಣರನ್ನು ಕರೆದಿದ್ದರು, ಆದರೆ ಮತ ಕೊಟ್ಟಿರಲಿಲ್ಲ. ೨೦೨೩ರಲ್ಲಿ ಪೋಪ್ ಫ್ರಾನ್ಸಿಸರು ಬಿಷಪ್ಪರಲ್ಲದವರನ್ನೂ, ಅವರಲ್ಲಿ ಸ್ತ್ರೀಯರನ್ನೂ ತರುಣರನ್ನೂ ಮತಾಧಿಕಾರಸಹಿತ ಸದಸ್ಯರನ್ನಾಗಿ ಮಾಡಿದರು. ಅಷ್ಟು ಪುರಾತನವಾದ, ಅಷ್ಟು ನಿಧಾನವಾದ ಸಂಸ್ಥೆಗೆ ಐದು ವರ್ಷಗಳಲ್ಲಿ ಸಾಧ್ಯವಾದುದು ನಮ್ಮ ಹನ್ನೊಂದು ಕುರ್ಚಿಗಳ ಸಮಿತಿಗೆ ಏಕೆ ಅಸಾಧ್ಯವೋ ತಿಳಿಯದು.

ತರುಣರು ಹೇಳಿದುದೆಲ್ಲಾ ಸರಿಯೆಂದು ನನ್ನ ಅಭಿಪ್ರಾಯವಲ್ಲ. ಇಂಗ್ಲಿಷ್ ಆರಾಧನೆಗೆ ನಾನು ಇಂದಿಗೂ ವಿರೋಧಿಯೇ. ತಾತನ ಪ್ರಾರ್ಥನೆ ಮೊಮ್ಮಗನಿಗೆ ಅರ್ಥವಾಗದ ದಿನ ಬಂದರೆ ಆ ಮನೆಯಲ್ಲಿ ಕಡಿದುಹೋಗುವುದು ಭಾಷೆಯೊಂದೇ ಅಲ್ಲ. ಆದರೆ ಈ ಮಾತನ್ನು ಅವರ ಮುಖ ನೋಡಿ ಹೇಳಬೇಕಾಗಿತ್ತು; ಅವರ ಉತ್ತರವನ್ನೂ ಕೇಳಬೇಕಾಗಿತ್ತು. ವರ್ಷಕ್ಕೊಮ್ಮೆ ಯುವಜನರ ಭಾನುವಾರವೆಂದು ಮಾಡಿ, ಅವರಿಂದ ವೇದಪಾಠ ಓದಿಸಿ, ಕಾಣಿಕೆಯ ತಟ್ಟೆ ಹಿಡಿಸಿ, ಕ್ರಿಸ್ತಜಯಂತಿಗೆ ನಕ್ಷತ್ರ ಕಟ್ಟಿಸಿ, ಇದೇ ಅವರಿಗೆ ಕೊಟ್ಟ ಪಾಲೆನ್ನುವುದು ಮನೆಯ ಮಗನಿಗೆ ದುಡಿಮೆಯನ್ನು ಒಪ್ಪಿಸಿ ಬೀಗದ ಕೈಯನ್ನು ಸೊಂಟದಲ್ಲಿಯೇ ಇಟ್ಟುಕೊಂಡಂತೆ.

ಬರುವ ಸರ್ವಸದಸ್ಯರ ಸಭೆಗೆ ನಾನೊಂದು ಸೂಚನೆಯನ್ನು ಕೊಟ್ಟಿರುವೆನು. ಮೂವತ್ತರ ಒಳಗಿನ ಇಬ್ಬರು, ಅವರಲ್ಲೊಬ್ಬಳು ಸ್ತ್ರೀ, ಮತಾಧಿಕಾರದೊಡನೆ ಸಮಿತಿಯಲ್ಲಿರತಕ್ಕದ್ದು. ಮನವಿ ಕೊಟ್ಟವರನ್ನು ಕರೆದು ಕೇಳದೆ ಅದನ್ನು ತಳ್ಳಕೂಡದು. ಯಾರೇ ಆಗಲಿ ಎರಡು ಅವಧಿಗಳ ಮೇಲೆ ಒಂದು ಅವಧಿ ಬಿಡತಕ್ಕದ್ದು. ಈ ಕಡೆಯ ನಿಯಮ ಅಂಗೀಕೃತವಾದರೆ ಮೊದಲು ಏಳಬೇಕಾದವನು ನಾನೇ. ಎರಡನೆಯದಕ್ಕೆ ಸಭಾಪಾಲಕರಾದ ಅಯ್ಯನವರು ಒಪ್ಪಿರುವರು, ಉಳಿದೆರಡಕ್ಕೆ ಮೌನ. ಖಜಾನೆ ನೋಡುವ ಹಿರಿಯರು ಮಾತ್ರ, “ದುಡ್ಡಿನ ವಿಷಯದಲ್ಲಿ ಹುಡುಗರೇನು ಬಲ್ಲರು, ಮೇಷ್ಟ್ರೇ?” ಎಂದು ಕೇಳಿದರು. ಅವರ ಲೆಕ್ಕವನ್ನು ಪ್ರತಿವರ್ಷ ಗಣಕಯಂತ್ರದಲ್ಲಿ ಬರೆದುಕೊಡುವವನು ಅವರ ಮೊಮ್ಮಗನು.

ಓದಿನ ತರಗತಿಯನ್ನು ಕಳೆದ ತಿಂಗಳಿನಿಂದ ಭಾನುವಾರ ಬೆಳಿಗ್ಗೆ ಪ್ರಾರಂಭಿಸಿರುವೆನು. ನಾಲ್ವರು ಬರುತ್ತಿರುವರು. ಆ ಹೆಣ್ಣುಮಗಳು ಇನ್ನೂ ಬಂದಿಲ್ಲ.