ಸ್ಟ್ಯಾಕ್ ತುಂಬಿದ್ರೆ ಓಎಸ್ ನೋಡ್ಕೊಳ್ಳುತ್ತಂತೆ! (ಭಾಗ 4)

ಎಲ್ಲರ ನೋಟ್ಸಲ್ಲೂ ಅದೇ ಚಿತ್ರ. ಉದ್ದನೆಯ ಡಬ್ಬ, ಮೇಲಿಂದ ಕೆಳಕ್ಕೆ ಸ್ಟ್ಯಾಕ್, ಕೆಳಗಿಂದ ಮೇಲಕ್ಕೆ ಹೀಪ್. ಪಕ್ಕದಲ್ಲೊಂದು ಸಾಲು: "ಸ್ಟ್ಯಾಕ್ ತುಂಬಿದರೆ ಓಎಸ್ ಪ್ರೋಗ್ರಾಂ ನಿಲ್ಲಿಸುತ್ತದೆ." ಮಾರ್ಕ್ಸ್ ಸಿಗುತ್ತೆ, ನಿಜ. ಆದ್ರೆ ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆ ಸಿ ಕೋಡ್ ಬರೆಯೋದು ಅಪಾಯ.

ಮೊದಲು 8 ಎಂಬಿ ಕಥೆ. ಲಿನಕ್ಸ್‌ನಲ್ಲಿ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ಅಂತೀವಲ್ಲ, ಅದು ಕೊಟ್ಟ ಜಾಗ ಅಲ್ಲ, ಬರೀ ಮಿತಿ. ಶುರುವಿನಲ್ಲಿ ಕರ್ನಲ್ ಸ್ವಲ್ಪವೇ ಕೊಡುತ್ತೆ. ಕೋಡ್ ಇನ್ನೂ ಕೆಳಗಿನ ವಿಳಾಸ ಮುಟ್ಟಿದಾಗ ಪೇಜ್ ಫಾಲ್ಟ್. ಮಿತಿಯೊಳಗಿದ್ರೆ ಹೊಸ ಪೇಜ್, ಸಾಮಾನ್ಯವಾಗಿ 4 ಕೆಬಿ, ಕೊಟ್ಟು ಕೆಲಸ ಮುಂದುವರಿಸುತ್ತೆ. ಗಮನಿಸಿ: ಮುಟ್ಟಿದಾಗ ಮಾತ್ರ. ಬರೀ ಸ್ಟ್ಯಾಕ್ ಪಾಯಿಂಟರ್ ಸರಿಸಿದ್ರೆ ಕರ್ನಲ್‌ಗೆ ಸುದ್ದಿಯೇ ಹೋಗಲ್ಲ.

ತೊಂದರೆ ಇರೋದೇ ಇಲ್ಲಿ. ಸ್ಟ್ಯಾಕ್ ಕೆಳಗೆ ಯಾರೂ ಮುಟ್ಟಬಾರದ ಗಾರ್ಡ್ ಜಾಗ ಇರುತ್ತೆ, ಎರಡು ಹೊಲದ ನಡುವಿನ ಬದು ಇದ್ದಂಗೆ. ಬದು ಮೇಲೆ ಕಾಲಿಟ್ರೆ ಸಿಕ್ಕಿಬಿದ್ರಿ: ಸೆಗ್ಮೆಂಟೇಶನ್ ಫಾಲ್ಟ್. ಒಂದೇ ನೆಗೆತಕ್ಕೆ ಆಚೆ ಹೊಲಕ್ಕೆ ಇಳಿದ್ರೆ? ಕೇಳೋರೇ ಇಲ್ಲ! ಫಂಕ್ಷನ್ ಒಳಗೊಂದು ಅರೇ, ಅದರ ಗಾತ್ರ ಯೂಸರ್ ಕೊಟ್ಟ ಸಂಖ್ಯೆ ಅಂದ್ಕೊಳ್ಳಿ. ದೊಡ್ಡ ಸಂಖ್ಯೆ ಕೊಟ್ರೆ ಅರೇ ಬದು ದಾಟಿ ಬೇರೆ ಮೆಮೊರಿ ಮೇಲೆ ಕೂರಬಹುದು. ಆಗ ಪ್ರೋಗ್ರಾಂ ನಿಲ್ಲಲ್ಲ, ಬೇರೆ ಡೇಟಾ ಅಳಿಸಿ ಬರೆಯುತ್ತೆ.

ಇದು ಬರೀ ಥಿಯರಿ ಅಲ್ಲ. 2017ರಲ್ಲಿ ಕ್ವಾಲಿಸ್ ಕಂಪನಿಯ ಸಂಶೋಧಕರು "ಸ್ಟ್ಯಾಕ್ ಕ್ಲ್ಯಾಶ್" ಹೆಸರಲ್ಲಿ ಇದನ್ನೇ ಮಾಡಿ ತೋರಿಸಿದ್ರು. ಸಾಮಾನ್ಯ ಯೂಸರ್ ರೂಟ್ ಆಗಬಹುದಿತ್ತು. ಆಗ ಲಿನಕ್ಸ್‌ನ ಬದು ಒಂದೇ ಪೇಜ್, 4 ಕೆಬಿ. ಆಮೇಲೆ 1 ಎಂಬಿ ಮಾಡಿದ್ರು. ಬದು ಅಗಲ ಆದ್ರೆ ಸಾಲದು ಅಂತ 2018ರ ಜಿಸಿಸಿ 8ರಲ್ಲಿ ಹೊಸ ಆಯ್ಕೆ ಬಂತು: ದೊಡ್ಡ ಜಾಗ ಬೇಕಾದಾಗ ಕಂಪೈಲರ್ ಪ್ರತಿ ಪೇಜನ್ನೂ ಮುಟ್ಟಿಕೊಂಡೇ ಇಳಿಯುವ ಕೋಡ್ ಹಾಕುತ್ತೆ. ನೆಗೆಯೋ ಮಾತೇ ಇಲ್ಲ.

"ಮಗಾ, ಯುಲಿಮಿಟ್ ಅನ್‌ಲಿಮಿಟೆಡ್ ಮಾಡು, ಸರಿಹೋಗುತ್ತೆ" ಅನ್ನೋರಿಗೆ: ಮಿತಿ ತೆಗೆದ್ರೆ ಕ್ರ್ಯಾಶ್ ಮುಂದಕ್ಕೆ ಹೋಗುತ್ತೆ, ತಪ್ಪು ಅಲ್ಲೇ ಇರುತ್ತೆ.

"ನಾವು ಪೈಥಾನ್ ಬರೆಯೋರು, ನಮಗ್ಯಾಕೆ" ಅನ್ನೋರಿಗೆ: ನಿಮ್ಮ ರಿಕರ್ಷನ್‌ಗೆ 1000ದ ಮಿತಿ ಯಾಕಿದೆ ಅಂದ್ಕೊಂಡ್ರಿ? ಕೆಳಗಿರೋ ಸಿ ಸ್ಟ್ಯಾಕ್ ಉಕ್ಕದಿರಲಿ ಅಂತಲೇ.

ಹಾಗಾಗಿ ಮೂರು ಕೆಲಸ ಮಾಡಿ. ಚಿತ್ರದಲ್ಲಿ ಸ್ಟ್ಯಾಕ್ ಕೆಳಗೆ ಬದು ಬರೆಯಿರಿ. ಯೂಸರ್ ಕೊಟ್ಟ ಗಾತ್ರಕ್ಕೆ ಸ್ಟ್ಯಾಕ್ ಮೇಲೆ ಅರೇ ಮಾಡಬೇಡಿ. ಗಾತ್ರ ಪರೀಕ್ಷಿಸಿ, ಮ್ಯಾಲಾಕ್ ಬಳಸಿ. ಕಂಪೈಲರ್‌ನ ಸ್ಟ್ಯಾಕ್ ಕ್ಲ್ಯಾಶ್ ರಕ್ಷಣೆ ಆನ್ ಮಾಡಿ. ಓಎಸ್ ಬದು ಹಾಕಿಕೊಡುತ್ತೆ, ಹಾರದೆ ನಡೆಯೋದು ನಮ್ಮ ಕೋಡ್‌ನ ಹೊಣೆ.

ಒಪ್ಪಲ್ವಾ? ಕಾಮೆಂಟಲ್ಲಿ ಜಗಳಕ್ಕೆ ಬನ್ನಿ 🙂 ಭಾಗ 5: ಪ್ರತಿ ಥ್ರೆಡ್‌ಗೂ ಬೇರೆ ಸ್ಟ್ಯಾಕ್ ಯಾಕೆ?

#ಕನ್ನಡದಲ್ಲಿಟೆಕ್ #ಆಪರೇಟಿಂಗ್‌ಸಿಸ್ಟಂ